ಸಂಪಾದಕರ ಉತ್ತರ: ವಂಶಾವಳಿಯಲ್ಲಿ ಅತ್ತೆಯಂದಿರೂ ಇರಲಿ

ಕಲಬುರಗಿಯ ಬ್ರಹ್ಮಪುರದಿಂದ ಓದುಗ ಸಹೋದರಿಯೊಬ್ಬರು ಬರೆದಿದ್ದಾರೆ. ಮುತ್ಯಾನ, ಅಂದರೆ ಅಜ್ಜನ, ಟ್ರಂಕಿನಲ್ಲಿ ಮನೆತನದ ವಂಶಾವಳಿ ಪುಸ್ತಕ ಸಿಕ್ಕಿದೆ. ಕೆಲವು ಪುಟ ಮೋಡಿ ಎಂಬ ಹಳೆಯ ಕೂಡಕ್ಷರದ ಲಿಪಿಯಲ್ಲಿ, ಕೆಲವು ಉರ್ದುವಿನಲ್ಲಿ, ಉಳಿದದ್ದು ಕನ್ನಡದಲ್ಲಿ. ಕಾಕಾ, ದೊಡ್ಡಪ್ಪಂದಿರ ಮಕ್ಕಳು ಸೇರಿ ಹನ್ನೊಂದು ಮಂದಿ ಪುಟ ಹಂಚಿಕೊಂಡು, ರಾತ್ರಿ ಊಟವಾದ ಮೇಲೆ ಟೈಪ್ ಮಾಡುತ್ತಿದ್ದಾರೆ. ಈಗ ಜಗಳ ಬಂದಿದೆ. ಮೂಲದಲ್ಲಿ ಗಂಡಸರ ಹೆಸರಷ್ಟೇ ಇದೆ. ಹೆಣ್ಣುಮಕ್ಕಳನ್ನು ಸೇರಿಸಿದರೆ ಅದು ನಮ್ಮ ಮನೆತನದ ಪುಸ್ತಕವೇ ಅಲ್ಲ ಎನ್ನುತ್ತಾರಂತೆ ಹಿರಿಯರು. "ಸುಮ್ನೆ ಇದ್ದ ಹಾಗೇ ಬಿಟ್ಟುಬಿಡಲೇ?" ಎಂದು ಕೇಳಿದ್ದಾರೆ. ತೆಲಂಗಾಣದ ಜಹೀರಾಬಾದಿಗೆ ಮದುವೆ ಮಾಡಿ ಕೊಟ್ಟ ಅತ್ತೆಯೊಬ್ಬರಿಗೆ ಎಲ್ಲರ ಹೆಸರೂ ಬಾಯಲ್ಲಿದೆ, ಅವರಿಗೆ 86 ಎಂದೂ ತಿಳಿಸಿದ್ದಾರೆ.

ಬಿಡಬೇಡ ತಂಗಿ.

ಹಿರಿಯರ ಮಾತಿನಲ್ಲಿ ಒಂದು ಸರಿ ಇದೆ. ಹಳೆಯ ಪುಟದ ಮೇಲೆ ಕೈ ಆಡಿಸಬಾರದು. ಅಲ್ಲಿ ಇದ್ದ ಅಕ್ಷರ ಇದ್ದಂತೆಯೇ ಇಳಿಯಬೇಕು. ಓದಲು ಬಾರದ ಕಡೆ ಊಹೆ ಬೇಡ, ಜಾಗ ಖಾಲಿ ಬಿಡಿ. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಓದಿ, ಆಮೇಲೆ ತಾಳೆ ನೋಡಿ. ಫಸಲಿ ವರ್ಷ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷ, ಬಂದರೆ 590 ಕೂಡಿಸಿ, ಇಸವಿ ಸಿಗುತ್ತದೆ. ಫಸಲಿ 1342 ಅಂದರೆ 1932-33. ಅಷ್ಟು ಮಾಡಿದರೆ ಮುತ್ಯಾನ ಪುಸ್ತಕಕ್ಕೆ ನ್ಯಾಯ ಮಾಡಿದಂತೆ.

ಆದರೆ ನೀವು ಹೊಸ ಪುಟಗಳನ್ನೂ ಬರೆಯುತ್ತಿದ್ದೀರಿ. ಆ ಪುಟದಲ್ಲಿ ಯಾರಿರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ, ಅಲ್ವಾ?

ನಾನು ಹತ್ತು ವರ್ಷದವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬಂದಿದ್ದರು, ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ಆಳಂದ ಕಡೆಯ ಸಣ್ಣ ಊರು ನಮ್ಮದು. ಎತ್ತಿನ ಗಂಟೆ ಕೇಳಿದ ಕೂಡಲೇ ಹುಡುಗರೆಲ್ಲ ಓಡಿದೆವು. ಹೆಳವ ಕಟ್ಟೆಯ ಮೇಲೆ ಕೂತು ಏಳು ತಲೆಮಾರು ಹೇಳಿದ. ಎಲ್ಲಿಂದ ಬಂದೆವು, ಯಾರು ಯಾವ ಹೊಲ ಮಾಡಿದರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಆಯಿ, ಅಂದರೆ ನಮ್ಮ ಅಜ್ಜಿ, ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿದಳು. ಅವನು ಹೇಳಿದ ಏಳು ತಲೆಮಾರಿನಲ್ಲಿ ಆಯಿಯ ಹೆಸರು ಇರಲಿಲ್ಲ.

ಊರಿನವರಿಗೆಲ್ಲ ಅವಳು 'ಸೇಡಂದಾಕಿ', ಅಂದರೆ ಸೇಡಂ ಊರಿನವಳು. ಅವಳು ತೀರಿಕೊಂಡಾಗ ಮರಣ ಬರೆಸಲು ಹೋದ ಮೂವರು ಗಂಡುಮಕ್ಕಳೂ ಗುಮಾಸ್ತನ ಮುಂದೆ ಮುಖ ಮುಖ ನೋಡಿಕೊಂಡರು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಇಟ್ಟದ್ದು ಇನ್ನೊಂದು. ತವರಿನ ಹೆಸರು ಯಾವುದು ಅಂತ ಕೊನೆಗೆ ಹೇಳಿದ್ದು ಅವಳ ತಂಗಿ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಇದು ಬರೀ ಮರುಕದ ಮಾತಲ್ಲ. ಹೆಂಗಸರನ್ನು ಬಿಟ್ಟರೆ ಪುಸ್ತಕವೇ ತಪ್ಪಾಗುತ್ತದೆ. ನಮ್ಮಲ್ಲಿ ಮುತ್ಯಾನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಶರಣಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಶರಣಪ್ಪ. ಅಣ್ಣ ತಮ್ಮ ಇಬ್ಬರ ಮನೆಯಲ್ಲೂ ಅದೇ ಹೆಸರು. ಯಾವ ಶರಣಪ್ಪ ಅಂತ ಗೊತ್ತಾಗುವುದು ಹೆಂಡತಿಯ ಹೆಸರಿನಿಂದ. ಇನ್ನು ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ನಮ್ಮಲ್ಲಿ ಜಾಸ್ತಿ. ಅಕ್ಕನನ್ನೇ ಬರೆಯದಿದ್ದರೆ ಆ ಸೊಸೆ ಎಲ್ಲಿಂದ ಬಂದಳು? ಅವಳು ಈ ಮನೆಯದೇ ಕುಡಿ ಅಂತ ಓದುವವರಿಗೆ ಹೇಗೆ ತಿಳಿಯಬೇಕು?

ಜಹೀರಾಬಾದಿನ ಅತ್ತೆಯ ವಿಷಯವೂ ಹೀಗೇ. ಒಂದು ಕಾಲಕ್ಕೆ ಕಲಬುರಗಿ, ಬೀದರ್, ಲಾತೂರ್, ಜಹೀರಾಬಾದ್ ಎಲ್ಲ ಒಂದೇ ಹೈದರಾಬಾದ್ ಸಂಸ್ಥಾನ. ಹೆಣ್ಣು ಕೊಡುವುದು ತರುವುದು ಅಲ್ಲೆಲ್ಲ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಆ ರಾಜ್ಯ ಮೂರು ಪಾಲಾಯಿತು. ನಮ್ಮ ಅತ್ತೆಯಂದಿರ ಮೊಮ್ಮಕ್ಕಳು ಈಗ ಮರಾಠಿ, ತೆಲುಗು ಶಾಲೆಯಲ್ಲಿ ಓದಿದವರು. ಅತ್ತೆಯನ್ನು ಬಿಟ್ಟರೆ ಆ ಕವಲೆಲ್ಲ ಹೋಯಿತು.

ನಮ್ಮ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರನ್ನು ನೋಡಿ. ಎರಡನೇ ಜಯಸಿಂಹನ ಸಹೋದರಿ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು. ಸಾವಿರ ವರ್ಷದ ಹಿಂದೆ ಅವಳ ಹೆಸರನ್ನು ಕಲ್ಲಿನಲ್ಲಿ ಕೊರೆದರು. ನಮಗೆ ಕಾಗದದ ಮೇಲೆ ಬರೆಯಲು ಏನು ಕಷ್ಟ?

ಕಷ್ಟ ಎಲ್ಲಿದೆ ಅಂತ ನನಗೆ ಗೊತ್ತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಕೊಡುವಾಗಲೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಾರೆ. ಇಲ್ಲವೇ ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಮನೆಯ ಪುಸ್ತಕದಲ್ಲಿ ಹೆಸರು ಬಂದರೆ ನಾಳೆ ಹೊಲದ ಮಾತೂ ಬರುತ್ತದೆ ಅನ್ನುವ ಅಂಜಿಕೆ. ಬರಲಿ ಬಿಡಿ.

ನಿಮ್ಮ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ ತಂಗಿ. ಮೋಡಿ ಓದುವುದನ್ನು ಕಲಿತು, ನಲವತ್ತು ಪುಟ ಇಳಿಸಿದವರು ನೀವು. ಆ ನಲವತ್ತು ಪುಟದಲ್ಲಿ ನಿಮ್ಮ ಹೆಸರು ಬರುವ ಒಂದು ಸಾಲೂ ಇಲ್ಲ. ಅದನ್ನು ಪತ್ರದಲ್ಲಿ ನೀವು ಹೇಳಿಯೇ ಇಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ಜಗಳ ಆಮೇಲೆ ತೀರಲಿ. ಈ ಭಾನುವಾರ ಜಹೀರಾಬಾದಿಗೆ ಹೋಗಿ. ಪುಸ್ತಕದ ಫೋಟೋ ಒಯ್ಯಿರಿ. ಅತ್ತೆಯ ಮುಂದೆ ಒಂದೊಂದು ಗಂಡಸಿನ ಹೆಸರು ಓದಿ, ಅವನ ಅಕ್ಕ ತಂಗಿಯರು ಯಾರು, ಹೆಂಡತಿ ಯಾವ ಊರಿನಾಕಿ, ತವರಿನ ಹೆಸರೇನು ಅಂತ ಕೇಳಿ. ಹೇಳಿದವರು ಅತ್ತೆ ಅಂತಲೂ, ಯಾವ ತಾರೀಕು ಅಂತಲೂ ಪಕ್ಕದಲ್ಲಿ ಬರೆಯಿರಿ. ಅವರಿಗೆ 86 ಎಂದು ನೀವೇ ಬರೆದಿದ್ದೀರಿ.