ಪ್ರತಿಕ್ರಿಯೆ: ಬದಿಯಡ್ಕದ ಅಡಿಕೆಗೆ ಗಾಳಿಕೊಳವೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆ ರೈಲು ನಿಲ್ದಾಣಕ್ಕೆ ನೆಲದಡಿಯ ಗಾಳಿಕೊಳವೆಯಲ್ಲಿ, ಅಂದರೆ ಗಾಳಿಯ ಒತ್ತಡದಿಂದ ಗಾಲಿಬಂಡಿಗಳನ್ನು ತಳ್ಳುವ ಕೊಳವೆಯಲ್ಲಿ, ಅಡಿಕೆ ಚೀಲ ಸಾಗಿಸಬಹುದೇ ಎಂದು ಕೇಳಿದ್ದೀರಿ. ಸಾಗಿಸಬಹುದು, ಆದರೆ ಅಡಿಕೆಯೊಂದನ್ನೇ ನಂಬಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಜಪಾನಿನ ಕುಜುವಿನಲ್ಲಿ 1983ರಲ್ಲಿ ಶುರುವಾದ, ಸುಣ್ಣಕಲ್ಲು ಸಾಗಿಸುವ ಇಂಥದೇ ಗಾಳಿಕೊಳವೆ ಮಾರ್ಗ ಬರೀ 3.2 ಕಿ.ಮೀ., ಕೊಳವೆಯ ವ್ಯಾಸ 1 ಮೀಟರ್. ಅಷ್ಟಕ್ಕೇ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಸರಕಿತ್ತು.

ನಮ್ಮ ಕಡೆ ನಿಜವಾದ ತೊಡಕು ಏರುತಗ್ಗು. ಅಂಥದೇ ಕೊಳವೆಯಲ್ಲಿ ಒಟ್ಟು 2 ಟನ್ ತೂಗುವ ಗಾಲಿಬಂಡಿ 20 ಮೀಟರಿಗೆ 1 ಮೀಟರ್ ಏರುವ ಇಳಿಜಾರು ಹತ್ತಬೇಕಾದರೆ ಅದರ ಬೆನ್ನಿಗೆ ಸುಮಾರು 1,250 ಪ್ಯಾಸ್ಕಲ್ ಹೆಚ್ಚುವರಿ ಒತ್ತಡ ಬೇಕು. ಹತ್ತು ಬಂಡಿ ಒಟ್ಟಿಗೇ ಏರಿನಲ್ಲಿದ್ದರೆ ಅದರ ಹತ್ತು ಪಟ್ಟು. ತುದಿಯ ರಬ್ಬರ್ ಸೀಲ್ ಸವೆದರೆ ಗಾಳಿ ಸಂದಿಯಲ್ಲೇ ನುಸುಳಿ ಹೋಗುತ್ತದೆ. ಬಂಡಿ ಏರಿನ ನಡುವೆ ನಿಂತು, ಹಿಂದಿನವೂ ಸಾಲುಗಟ್ಟುತ್ತವೆ. ಕೊಳವೆಯ ಜೋಡಣೆಯಲ್ಲಿ ಒಳಮೈ ಮಟ್ಟಸವಾಗಿರದಿದ್ದರೆ ಸೀಲೂ ಬೇರಿಂಗೂ ಬೇಗ ಹಾಳು. ಮಳೆನೀರು ತಗ್ಗಿನಲ್ಲಿ ನಿಲ್ಲದಂತೆ ಬಸಿಗುಂಡಿ, ಪಂಪು ಬೇಕೇ ಬೇಕು.

ಖಾಲಿ ಬಂಡಿ ವಾಪಸು ಬರಲು ಎರಡನೇ ಕೊಳವೆಯ ಖರ್ಚನ್ನೂ ಸೇರಿಸಿ. ಕೆಂಪುಕಲ್ಲು, ಜಲ್ಲಿ ಎಲ್ಲ ಕೂಡಿಸಿಯಾದರೂ ವರ್ಷವಿಡೀ ಸರಕು ಸಿಗುತ್ತದೆಯೇ ಎಂದು ಮೊದಲು ಲೆಕ್ಕ ಹಾಕಿ. ಕೊಳವೆಯ ನಕ್ಷೆ ಆಮೇಲೆ.