ಮುಟ್ಟು ತಡವಾಗಿದೆ, ಕಿಟ್‌ನಲ್ಲಿ ಮಸುಕು ಗೆರೆ ಕಂಡಿದೆ

ಪ್ರಶ್ನೆ: ನನಗೆ 23 ವರ್ಷ. ಮದುವೆಯಾಗಿಲ್ಲ. ಪ್ರತಿ ಸಲ 30 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತೇನೆ. ಈ ಸಲ 8 ದಿನ ತಡವಾಗಿದೆ. 17 ದಿನಗಳ ಹಿಂದೆ ಗೆಳೆಯನ ಜೊತೆ ಒಮ್ಮೆ ಸೇರಿದ್ದೆ. ಕಾಂಡೋಮ್ ಇರಲಿಲ್ಲ, ಆದರೆ ಅವನು ವೀರ್ಯ ಒಳಗೆ ಬಿಟ್ಟಿಲ್ಲ. ಸೇರಿದ ನಾಲ್ಕನೇ ದಿನ ಕಿಟ್ ತಂದು ನೋಡಿದೆ, ನೆಗೆಟಿವ್. ನಿನ್ನೆ ನೋಡಿದಾಗಲೂ ಒಂದೇ ಗೆರೆ. ಕಸದ ಬುಟ್ಟಿಗೆ ಹಾಕಿದ್ದನ್ನು ಒಂದು ಗಂಟೆ ಬಿಟ್ಟು ತೆಗೆದು ನೋಡಿದರೆ ಇನ್ನೊಂದು ಗೆರೆ ಮಸುಕಾಗಿ ಕಾಣಿಸಿತು. ಎದೆ ಭಾರ ಅನಿಸುತ್ತಿದೆ. ಪರೀಕ್ಷೆ ಹತ್ತಿರವಿದೆ, ಓದು ತಲೆಗೆ ಹತ್ತುತ್ತಿಲ್ಲ. ಗೆಳೆಯ ‘ಏನೂ ಆಗಿರಲ್ಲ, ಸುಮ್ನಿರು’ ಅನ್ನುತ್ತಾನೆ. ಮುಟ್ಟು ಬರಿಸುವ ಮಾತ್ರೆ ತಗೊಳ್ಳಲಾ?

ಉತ್ತರ: ಮೊದಲು ಮಾತ್ರೆಯ ವಿಷಯ. ಈಗ ಯಾವುದನ್ನೂ ತೆಗೆದುಕೊಳ್ಳಬೇಡಿ. ಮುಟ್ಟು ಬರಿಸಲು ಕೊಡುವ ಹಾರ್ಮೋನ್ ಮಾತ್ರೆ ಗರ್ಭ ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ. ಗರ್ಭಪಾತದ ಮಾತ್ರೆಯನ್ನಂತೂ ವೈದ್ಯರು ನೋಡದೆ ನುಂಗುವುದು ಅಪಾಯ. ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಸಮಯ ಮಾತ್ರ ಹೋಗುತ್ತದೆ. ಸೇರಿದ ಮೇಲೆ ತಗೊಳ್ಳುವ ತುರ್ತು ಮಾತ್ರೆಗೆ 72 ಗಂಟೆ, ಕೆಲವಕ್ಕೆ ಹೆಚ್ಚೆಂದರೆ 5 ದಿನ. ಆ ಗಡುವು ದಾಟಿದೆ.

ಇನ್ನು ಆ ಮಸುಕು ಗೆರೆ. ಕಿಟ್ ನೋಡಬೇಕಾದದ್ದು ಅದರ ಮೇಲೆ ಬರೆದಷ್ಟು ನಿಮಿಷಕ್ಕೆ, ಸಾಮಾನ್ಯವಾಗಿ ಐದು ನಿಮಿಷಕ್ಕೆ. ಹತ್ತು ನಿಮಿಷ ದಾಟಿದ ಮೇಲೆ ಮೂತ್ರ ಒಣಗಿ, ಬೂದು ಬಣ್ಣದ ಗೆರೆಯೊಂದು ಮೂಡಬಹುದು. ಒಂದು ಗಂಟೆಯ ನಂತರ ಬುಟ್ಟಿಯಿಂದ ತೆಗೆದು ನೋಡಿದ್ದನ್ನು ಹೌದು ಅಂತಲೂ ಲೆಕ್ಕ ಹಿಡಿಯಬೇಡಿ, ಇಲ್ಲ ಅಂತಲೂ ಹಿಡಿಯಬೇಡಿ. ಆದರೆ ಹೇಳಿದ ಸಮಯದೊಳಗೆ ಬಣ್ಣದ ಗೆರೆ ಬಂದರೆ, ಎಷ್ಟೇ ತೆಳುವಾಗಿದ್ದರೂ ಅದು ಪಾಸಿಟಿವ್.

ನೀವು ಮುಟ್ಟಿನ ತಾರೀಕನ್ನೇ ಹಿಡಿದುಕೊಂಡು ದಿನ ಎಣಿಸುತ್ತಿದ್ದೀರಿ. ನಾನಾಗಿದ್ದರೆ ಸೇರಿದ ದಿನದಿಂದ ಎಣಿಸುತ್ತೇನೆ. ಯಾಕೆ ಅಂದರೆ, ಅಂಡ ಬಿಡುಗಡೆಯಾಗಿ ಸುಮಾರು ಎರಡು ವಾರಕ್ಕೆ ಮುಟ್ಟು ಬರುತ್ತದೆ. ಆ ಎರಡು ವಾರ ಜಾಸ್ತಿ ಹಿಗ್ಗುವುದಿಲ್ಲ. ತಡವಾಗುವುದು ಹೆಚ್ಚಾಗಿ ಅದಕ್ಕೂ ಮುಂಚೆ: ಪರೀಕ್ಷೆಯ ಒತ್ತಡ, ನಿದ್ದೆಗೇಡು, ಜ್ವರ, ತೂಕದಲ್ಲಿ ದಿಢೀರ್ ಏರಿಳಿತ, ಥೈರಾಯ್ಡ್, ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು), ಇವೆಲ್ಲ ಅಂಡ ಹೊರಬರುವುದನ್ನೇ ಮುಂದೂಡುತ್ತವೆ. ನಿಮ್ಮ ಲೆಕ್ಕ ನೋಡಿ. 30 ದಿನದ ಚಕ್ರದಲ್ಲಿ ಅಂಡ ಬರುವುದು ಸುಮಾರು 16ನೇ ದಿನ. ನೀವು ಸೇರಿದ್ದು 22ನೇ ದಿನದ ಆಸುಪಾಸು. ಅಂಡ ಬದುಕುವುದು ಒಂದೇ ದಿನ. ಎಲ್ಲ ಎಂದಿನಂತೆ ನಡೆದಿದ್ದರೆ ಗರ್ಭಕ್ಕೆ ಅವಕಾಶ ತೀರಾ ಕಡಿಮೆಯಿತ್ತು, ಮುಟ್ಟೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬಂದಿಲ್ಲ ಅಂದರೆ ಈ ಸಲ ಅಂಡವೇ ತಡವಾಗಿ ಬಂದಿರಬಹುದು. ವೀರ್ಯಾಣು 5 ದಿನದವರೆಗೂ ಒಳಗೆ ಬದುಕಿರಬಲ್ಲದು. ಹಾಗಾಗಿ ಬರೀ ತಡವಾಗಿರಲೂಬಹುದು, ಗರ್ಭ ನಿಂತಿರಲೂಬಹುದು.

ಗರ್ಭ ನಿಂತರೂ ಕಿಟ್‌ಗೆ ಆಗಲೇ ಗೊತ್ತಾಗುವುದಿಲ್ಲ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳಲು ಒಂದು ವಾರ, ಹತ್ತು ದಿನ ಬೇಕು. ಕಿಟ್ ಹುಡುಕುವ ಎಚ್‌ಸಿಜಿ ಹಾರ್ಮೋನ್ ಹುಟ್ಟುವುದೇ ಆಮೇಲೆ. ನಿಮ್ಮ ನಾಲ್ಕನೇ ದಿನದ ಪರೀಕ್ಷೆಗೆ ಏನೂ ಬೆಲೆಯಿಲ್ಲ. ನಿನ್ನೆಯ ನೆಗೆಟಿವ್ ಸಮಾಧಾನ ಕೊಡುವಂಥದ್ದೇ, ಆದರೆ ಕೊನೆಯ ಮಾತಲ್ಲ. ಸೇರಿ 21 ದಿನ ತುಂಬಲಿ, ಅಂದರೆ ಇನ್ನು ನಾಲ್ಕು ದಿನ. ಆ ಬೆಳಿಗ್ಗೆ ಎದ್ದ ಕೂಡಲೇ ಮೊದಲ ಮೂತ್ರದಲ್ಲಿ ಹೊಸ ಕಿಟ್ ಇಟ್ಟು ನೋಡಿ. ಅಷ್ಟೂ ದಿನ ಕಾಯಲಾಗದಿದ್ದರೆ ವೈದ್ಯರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಅದು ಸ್ವಲ್ಪ ಮುಂಚೆಯೇ ಹೇಳುತ್ತದೆ.

ಎದೆ ಭಾರದಿಂದ ಏನನ್ನೂ ತೀರ್ಮಾನಿಸಲಾಗದು. ಅದು ಮುಟ್ಟಿಗೆ ಮುಂಚೆಯೂ ಬರುತ್ತದೆ, ಗರ್ಭ ನಿಂತಾಗಲೂ ಬರುತ್ತದೆ. ಗಂಟೆಗೊಮ್ಮೆ ಒತ್ತಿ ನೋಡಿದರೆ ನೋವು ಜಾಸ್ತಿಯಾಗುತ್ತದೆ ಅಷ್ಟೇ.

ನಿಮ್ಮ ಗೆಳೆಯನ ‘ಏನೂ ಆಗಿರಲ್ಲ’ ಅನ್ನುವ ಮಾತಿಗೆ ಆಧಾರವಿಲ್ಲ. ವೀರ್ಯ ಬರುವ ಮುಂಚಿನ ಒಸರಿನಲ್ಲೂ ವೀರ್ಯಾಣು ಇರಬಹುದು. ವೀರ್ಯ ಹೊರಗೆ ಬಿಡುವ ಈ ದಾರಿಯೊಂದನ್ನೇ ನೆಚ್ಚಿಕೊಂಡ 100 ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 20ರಲ್ಲಿ ಗರ್ಭ ನಿಲ್ಲುತ್ತದೆ. ‘ಸುಮ್ನಿರು’ ಅನ್ನುವ ಬದಲು ಆ ಬೆಳಿಗ್ಗೆ ನಿಮ್ಮ ಜೊತೆ ಇರಲು ಅವನಿಗೆ ಹೇಳಿ. ಇಬ್ಬರೂ ಸೇರಿ ಮಾಡಿದ್ದಕ್ಕೆ ಒಬ್ಬರೇ ಹೆದರಿಕೊಂಡು ಕೂರುವುದು ನ್ಯಾಯ ಅಲ್ಲ, ಅಲ್ವಾ? ಅವನು ಬರದಿದ್ದರೆ ಗುಟ್ಟು ಕಾಯುವ ಗೆಳತಿ, ಅಕ್ಕ, ಯಾರಾದರೂ ಒಬ್ಬರಿಗೆ ಹೇಳಿಕೊಳ್ಳಿ. ಅಮ್ಮನಿಗೆ ಇವತ್ತೇ ಹೇಳಲೇಬೇಕು ಅಂತೇನಿಲ್ಲ.

ಈ ನಡುವೆ ಹೊಟ್ಟೆಯ ಒಂದೇ ಪಕ್ಕದಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವಂತಾಗುವುದು, ತುಂಬಾ ರಕ್ತ ಹೋಗುವುದು ಕಂಡರೆ ಕಾಯಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಪಾಸಿಟಿವ್ ಬಂದರೆ ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಾಣಿ. ಮುಂದುವರಿಸುವುದೋ ಬೇಡವೋ ಎಂದು ಯೋಚಿಸಲು, ಬೇಗ ಹೋದಷ್ಟೂ ಹೆಚ್ಚು ದಾರಿಗಳಿರುತ್ತವೆ. ಕೊನೆಯ ಮುಟ್ಟಿನ ಮೊದಲ ದಿನ, ಸೇರಿದ ದಿನ, ಎರಡನ್ನೂ ಬರೆದುಕೊಂಡು ಹೋಗಿ. ಯಾರಾದರೂ ಜೊತೆಗೆ ಬಂದಿದ್ದರೂ, ಒಬ್ಬಳೇ ಮಾತಾಡಬೇಕು ಅಂತ ವೈದ್ಯರನ್ನು ಕೇಳಬಹುದು. ನೆಗೆಟಿವ್ ಬಂದು, ಮತ್ತೂ ಒಂದು ವಾರ ಮುಟ್ಟು ಬರದಿದ್ದರೆ ಇನ್ನೊಮ್ಮೆ ನೋಡಿ. ಆಗಲೂ ಇಲ್ಲ ಅಂದರೆ ತಡ ಯಾಕಾಯಿತು ಅಂತ ವೈದ್ಯರ ಹತ್ತಿರ ತೋರಿಸಿಕೊಳ್ಳಿ.