ಹಳೆಯ ಯುದ್ಧವಿಮಾನ ಹಾರುವುದನ್ನು ನೋಡಲು ಜನ ಇಂದಿಗೂ ಏಕೆ ಹಾತೊರೆಯುತ್ತಾರೆ?

ಎಂಬತ್ತು ವರ್ಷ ಹಳೆಯದಾದ, ಇನ್ನು ಯಾವ ಯುದ್ಧಕ್ಕೂ ಒದಗದ ವಿಮಾನವೊಂದು ಹಾರುವುದನ್ನು ನೋಡಲು ಸಾವಿರಾರು ಜನ ಬಿಸಿಲಿನಲ್ಲಿ ಏಕೆ ನಿಲ್ಲುತ್ತಾರೆ, ಅದನ್ನು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟರೆ ಸಾಲದೇ ಎಂದು ನೀವು ಕೇಳಿದ್ದೀರಿ. ನಾನು ಪೈಲಟನಲ್ಲ, ವಿಮಾನ ಎಂಜಿನಿಯರನೂ ಅಲ್ಲ. ಆದರೆ ಬೆಂಗಳೂರಿನ ವಿಮಾನಪುರದ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಇಂದಿನ ಎಚ್‌ಎಎಲ್ ಇನ್ನೂ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಕರೆಸಿಕೊಳ್ಳುತ್ತಿದ್ದ 1940ರ ದಶಕದಲ್ಲಿ ನನ್ನ ತಾತ ಅಲ್ಲಿ ತಗಡಿನ ಕೆಲಸಕ್ಕೆ ಸೇರಿದ್ದರು. ಆ ಮನೆಯವನಾಗಿ ನನಗೆ ಕಂಡಷ್ಟನ್ನು ಬರೆಯುತ್ತೇನೆ.

2019ರ ಫೆಬ್ರುವರಿಯಲ್ಲಿ ತಂದೆಯವರನ್ನು ಯಲಹಂಕದ ಏರೋ ಇಂಡಿಯಾಕ್ಕೆ ಕರೆದುಕೊಂಡು ಹೋಗಿದ್ದೆ. ರಫೇಲ್, ತೇಜಸ್ ಮುಂತಾದ ಜೆಟ್‌ಗಳು ಹಾರುವಾಗ ಎದೆಗೂಡೇ ನಡುಗುತ್ತಿತ್ತು. ಸದ್ದು ಕಿವಿಗೆ ಬೀಳುವಷ್ಟರಲ್ಲಿ ವಿಮಾನ ಆಗಲೇ ಮುಂದೆ ಹೋಗಿಬಿಟ್ಟಿರುತ್ತಿತ್ತು. ಅವುಗಳ ನಡುವೆ ವಾಯುಪಡೆಯ ಹಳೆಯ ಸಾಗಣೆ ವಿಮಾನ ಡಕೋಟ ಬಂತು. ಅದು ರನ್‌ವೇ ಕಡೆಗೆ ಹೊರಟಾಗ ದುರ್ಬೀನಿನಲ್ಲಿ ನೋಡಿದೆ: ಹೊಸದಾಗಿ ಬಣ್ಣ ಬಳಿದ ಮೈಯ ಮೇಲೆ, ಎಂಜಿನ್ನಿನ ಹೊದಿಕೆಯ ಹಿಂದೆ, ಎಣ್ಣೆಯ ತೆಳುವಾದ ಕಪ್ಪು ಗೆರೆಯೊಂದು ಆಗಲೇ ಎಳೆದುಕೊಂಡಿತ್ತು. ಮೇಲೆ ಹೋದ ಮೇಲೆ ಅದು ಎಷ್ಟು ನಿಧಾನವಾಗಿ ಸಾಗಿತೆಂದರೆ ಅದರ ಕಿಟಕಿಗಳನ್ನು ಎಣಿಸಬಹುದಿತ್ತು, ಚುಕ್ಕಾಣಿ ಹಲಗೆ ಅತ್ತಿತ್ತ ಅಲುಗುವುದನ್ನು ಗುರುತಿಸಬಹುದಿತ್ತು. ಜೆಟ್‌ಗಳ ಹೊತ್ತಿಗೆ ಕಿವಿ ಮುಚ್ಚಿಕೊಂಡು ಕೂತಿದ್ದ ತಂದೆ ಎದ್ದು ನಿಂತು, ಅದು ಕಾಣದಾಗುವವರೆಗೂ ನೋಡಿ, "ಸದ್ದು ಅದೇ ಕಣೋ. ಆದರೆ ಅರ್ಧ" ಎಂದರು.

ಅರ್ಧ ಎಂದರೆ ಏನೆಂದು ಆಗ ನನಗೆ ತಿಳಿಯಲಿಲ್ಲ. ಆಮೇಲೆ ಓದಿ ನೋಡಿದಾಗ ಅವರ ಕಿವಿ ಎಷ್ಟು ನಿಖರವಾಗಿತ್ತೆಂದು ಬೆರಗಾಯಿತು. ಡಕೋಟಕ್ಕೆ ಇರುವುದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಆರ್-1830 ಕುಟುಂಬದ ಎರಡು ಎಂಜಿನ್. ತಂದೆ ಚಿಕ್ಕ ಹುಡುಗನಾಗಿದ್ದಾಗ ವಿಮಾನಪುರದ ಮೇಲೆ ಹಾರುತ್ತಿದ್ದುದು ಲಿಬರೇಟರ್ ಎಂಬ ಬಾಂಬರ್. ಅದಕ್ಕೆ ಅದೇ ಕುಟುಂಬದ ನಾಲ್ಕು ಎಂಜಿನ್. ಅರುವತ್ತು ವರ್ಷಗಳ ಹಿಂದೆ ಕೇಳಿದ ಸದ್ದನ್ನು ಅವರು ಲೆಕ್ಕ ಸಮೇತ ನೆನಪಿಟ್ಟುಕೊಂಡಿದ್ದರು. ಚಿತ್ರದಿಂದಾಗಲಿ, ಗಾಜಿನ ಹಿಂದೆ ಇಟ್ಟ ವಿಮಾನದಿಂದಾಗಲಿ ಇದು ಆಗುವ ಮಾತಲ್ಲ. ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ: ನಿಂತ ವಿಮಾನದಲ್ಲಿ ಆಕಾರ ಉಳಿದಿರುತ್ತದೆ, ಸದ್ದು ಉಳಿದಿರುವುದಿಲ್ಲ, ಆ ಕಾಲದ ಜನ ವಿಮಾನವನ್ನು ನೋಡುವ ಮೊದಲು ಕೇಳುತ್ತಿದ್ದರು.

ಲಿಬರೇಟರ್‌ಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉತ್ತರದ ಇನ್ನೊಂದು ಭಾಗ ಅದರೊಳಗಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ಈ ವಿಮಾನಗಳು ಕಾನ್ಪುರದಲ್ಲಿ ಸಾಲುಗಟ್ಟಿ ನಿಂತಿದ್ದವು. ಮುಂದೆ ಯಾರೂ ಬಳಸಬಾರದೆಂದು ಅವನ್ನು ಬೇಕೆಂದೇ ಕೆಡಿಸಿ ಬಿಟ್ಟುಹೋದರು. 1948ರಲ್ಲಿ, ಭಾರೀ ಬಾಂಬರ್ ಒಂದೂ ಇಲ್ಲದಿದ್ದ ಭಾರತೀಯ ವಾಯುಪಡೆಗೆ ಆ ರಾಶಿಯಿಂದಲೇ ವಿಮಾನ ಎತ್ತಿಕೊಡುವ ಕೆಲಸವನ್ನು ಬೆಂಗಳೂರಿನ ಕಾರ್ಖಾನೆ ವಹಿಸಿಕೊಂಡಿತು. ಹೇಗೋ ಹಾರಬಲ್ಲ ಸ್ಥಿತಿಗೆ ತಂದ ವಿಮಾನಗಳನ್ನು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿಯವರು ಕಾನ್ಪುರದಿಂದ ಬೆಂಗಳೂರಿಗೆ ಒಂದೊಂದಾಗಿ ಹಾರಿಸಿಕೊಂಡು ಬಂದರು. ಇಲ್ಲಿ ಅವನ್ನು ಬಿಚ್ಚಿ, ತಗಡು ಬದಲಿಸಿ, ಎಂಜಿನ್ ಸರಿಪಡಿಸಿ, ಸುಮಾರು ನಲವತ್ತು ಲಿಬರೇಟರ್‌ಗಳನ್ನು ಮತ್ತೆ ಸೇವೆಗೆ ಕೊಡಲಾಯಿತು. ಗುಜರಿಗೆಂದು ಬಿಟ್ಟ ಆ ವಿಮಾನಗಳು 1968ರವರೆಗೆ, ಅಂದರೆ ಇಪ್ಪತ್ತು ವರ್ಷ, ನಮ್ಮ ವಾಯುಪಡೆಯಲ್ಲಿ ಹಾರಿದವು. ಹೊಸ ವಿಮಾನ ತಯಾರಿಸಿದ್ದಕ್ಕಿಂತ ಇದು ಕಡಿಮೆ ಸಾಧನೆಯೆಂದು ನಾನು ಒಪ್ಪುವುದಿಲ್ಲ. ನಮ್ಮ ಊರಿನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬ ಕೊರಗೂ ನನಗಿದೆ.

ತಾತ ಆ ಕೆಲಸದಲ್ಲಿದ್ದರು. ತಗಡುಗಳನ್ನು ಜೋಡಿಸುವ ಮೊಳೆಯಂಥ ರಿವೆಟ್ ಹೊಡೆಯುವುದು ಇಬ್ಬರು ಕೂಡಿ ಮಾಡುವ ಕೆಲಸ ಎಂದು ಅವರು ಹೇಳುತ್ತಿದ್ದರು. ಹೊರಗೆ ನಿಂತವನು ರಿವೆಟ್ ಬಡಿಯುವ ಗನ್ ಹಿಡಿಯುತ್ತಾನೆ. ಒಳಗಿನವನು ರೆಕ್ಕೆಯ ಇಕ್ಕಟ್ಟಿನಲ್ಲಿ ತೂರಿಕೊಂಡು, ರಿವೆಟ್ಟಿನ ಬಾಲಕ್ಕೆ ಉಕ್ಕಿನ ತುಂಡೊಂದನ್ನು ಅದುಮಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ತಗಡಿನ ಮೇಲೆ ಎಷ್ಟು ಸಲ ತಟ್ಟಿದರೆ ಏನರ್ಥ ಎಂಬುದೇ ಅವರ ನಡುವಿನ ಭಾಷೆ. ತಾತ ಹೆಚ್ಚಾಗಿ ಒಳಗಿನವರು.

ಆ ಲಿಬರೇಟರ್‌ಗಳಲ್ಲಿ ಕೆಲವು ನಿವೃತ್ತಿಯ ನಂತರ ಬ್ರಿಟನ್, ಕೆನಡಾ ಮತ್ತು ಅಮೆರಿಕದ ಸಂಗ್ರಹಾಲಯಗಳಿಗೆ ಹೋದವು. ಒಂದು ಮಾತ್ರ ಬೆಂಗಳೂರಿನಲ್ಲೇ ಉಳಿದು, ಮಳೆ ಬಿಸಿಲಿಗೆ ಹದಿಮೂರು ವರ್ಷ ನಿಂತಿತ್ತು. 1981ರಲ್ಲಿ ಅದನ್ನು ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಕೊಂಡು, ಬಿಡಿಭಾಗಗಳಾಗಿ ಬಿಚ್ಚಿ ಸಾಗಿಸಿದರು. 1984ರಲ್ಲಿ ಅದು ಹಳೆಯ ವಿಮಾನಗಳನ್ನು ಕಾಪಾಡುವ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಪಾಲಾಯಿತು. 1989ರಲ್ಲಿ ಮತ್ತೆ ಹಾರಿತು. ಯುದ್ಧಕಾಲದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದವು. ಅವುಗಳಲ್ಲಿ ನಮ್ಮ ಕಾಲದವರೆಗೂ ಹಾರುತ್ತಾ ಉಳಿದದ್ದು ಎರಡು, ಆ ಎರಡರಲ್ಲಿ ಒಂದು ಬೆಂಗಳೂರಿನಿಂದ ಹೋದದ್ದು.

2012ರಲ್ಲಿ ಅಕ್ಕನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಮಾಫೆಟ್ ಫೀಲ್ಡ್ ಎಂಬ ವಿಮಾನ ನಿಲ್ದಾಣದಲ್ಲಿ ಆ ವಿಮಾನವನ್ನು ಹತ್ತಿ ನೋಡಿದೆ. ಬಾಂಬ್ ಇಡುವ ಜಾಗದ ನಡುವೆ ದಾಟಲು ಇರುವುದು ಒಂದು ಗೇಣು ಅಗಲದ ದಾರಿ, ಅಷ್ಟೇ. ಅದರ ಬಾಗಿಲು ಕೆಳಕ್ಕೆ ತೆರೆಯುವುದಿಲ್ಲ, ಅಂಗಡಿಯ ರೋಲಿಂಗ್ ಶಟರಿನ ಹಾಗೆ ಮೈಗೆ ಅಂಟಿಕೊಂಡೇ ಮೇಲಕ್ಕೆ ಸರಿಯುತ್ತದೆ. ಒಳಗಿನ ರಿವೆಟ್ ಸಾಲುಗಳ ಮೇಲೆ ಕೈಯಾಡಿಸಿದೆ. ಅವು ತಾತ ಹಿಡಿದ ರಿವೆಟ್‌ಗಳೇ ಎಂದು ಹೇಳಲಾರೆ, ಏಕೆಂದರೆ ಅಮೆರಿಕದಲ್ಲಿ ಅದನ್ನು ಸರಿಪಡಿಸಿದಾಗ ಅಸಂಖ್ಯ ರಿವೆಟ್‌ಗಳನ್ನು ಕೊರೆದು ತೆಗೆದು ಹೊಸದು ಹಾಕಿದ್ದರು. ಹಾಗಾದರೆ ಇದು ನಿಜವಾದ ಹಳೆಯ ವಿಮಾನವೇ ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಅರ್ಥವಿದೆ. ಆದರೆ 1944ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಯಾರೋ ಹೊಡೆದ ರಿವೆಟ್ಟನ್ನು ಬೆಂಗಳೂರಿನಲ್ಲಿ ಇನ್ಯಾರೋ ಬದಲಿಸಿದರು, ಅದನ್ನು ನಾಲ್ಕು ದಶಕಗಳ ನಂತರ ಮತ್ತೊಬ್ಬರು ಬದಲಿಸಿದರು. ನನಗೆ ಆ ವಿಮಾನದ ವಯಸ್ಸೆಂದರೆ ಹೀಗೆ ಕೈಯಿಂದ ಕೈಗೆ ದಾಟಿದ ಕೆಲಸ. ತಗಡು ಹಳೆಯದೋ ಹೊಸದೋ ಎಂಬುದು ಅದಕ್ಕಿಂತ ಚಿಕ್ಕ ಸಂಗತಿ.

ವಿಮಾನವನ್ನು ಸಂಗ್ರಹಾಲಯದಲ್ಲಿ ಇಡಲು ಬಣ್ಣ, ಸೂರು ಮತ್ತು ಧೂಳು ಒರೆಸುವವರು ಇದ್ದರೆ ಸಾಕು. ಹಾರಿಸಲು ಅದರ ರೀತಿನೀತಿ ತಿಳಿದವರು ಬೇಕು. ಆರ್-1830 ಎಂಜಿನ್ನಿನಲ್ಲಿ ಏಳೇಳರ ಎರಡು ವೃತ್ತಗಳಲ್ಲಿ ಹದಿನಾಲ್ಕು ಸಿಲಿಂಡರ್‌ಗಳಿವೆ. ವಿಮಾನ ಸುಮ್ಮನೆ ನಿಂತಿದ್ದರೆ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ, ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಪಿಸ್ಟನ್ನಿನ ರಾಡೇ ಬಾಗಿಹೋಗಬಹುದು. ಆದ್ದರಿಂದ ಮೊದಲು ಪ್ರೊಪೆಲ್ಲರಿನ ಅಲಗುಗಳನ್ನು ಒಂದೊಂದಾಗಿ ಕೈಯಿಂದ ಎಳೆದು ತಿರುಗಿಸುತ್ತಾರೆ. ಎಲ್ಲಾದರೂ ಗಡುಸಾಗಿ ತಡೆದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸುತ್ತಾರೆ. ಆ ತಡೆಯನ್ನು ಕೈಯಲ್ಲಿ ಗುರುತಿಸುವುದನ್ನು ಪುಸ್ತಕ ಕಲಿಸಲಾರದು, ಬಲ್ಲವರ ಪಕ್ಕ ನಿಂತು ಕಲಿಯಬೇಕು. ಇಂಧನವೂ ಸುಲಭವಲ್ಲ. ಜೆಟ್‌ಗಳ ಸೀಮೆಎಣ್ಣೆಯ ಜಾತಿಯ ಇಂಧನ ಇವಕ್ಕೆ ಆಗದು, ಎವಿಗ್ಯಾಸ್ ಎಂಬ ವಿಶೇಷ ಪೆಟ್ರೋಲ್ ಬೇಕು. ಅದನ್ನು ಬಹುಕಾಲ ಆಮದು ಮಾಡಿಕೊಳ್ಳುತ್ತಿದ್ದ ನಮ್ಮ ದೇಶದಲ್ಲಿ ಇಂಡಿಯನ್ ಆಯಿಲ್ ಸ್ವದೇಶಿ ಎವಿಗ್ಯಾಸನ್ನು ಬಿಡುಗಡೆ ಮಾಡಿದ್ದು 2022ರಲ್ಲಿ.

ಬಲ್ಲವರ ಸಾಲು ಕಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವಲ್ಕನ್ ಬಾಂಬರ್ ಸಾಕ್ಷಿ. ಜನರ ದೇಣಿಗೆಯಿಂದ ಮತ್ತೆ ಹಾರಿದ ಆ ಒಂದೇ ಒಂದು ವಲ್ಕನ್ 2015ರ ಅಕ್ಟೋಬರಿನಲ್ಲಿ ಕೊನೆಯ ಬಾರಿ ಹಾರಿತು. ಅದರ ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು, ಅಗತ್ಯ ಪರಿಣತರು ಇನ್ನು ಸಿಗಲಾರರೆಂದು ಹಿಂದೆ ಸರಿದಿದ್ದವು. ಆ ಕೊನೆಯ ವರ್ಷ ಅದು ಹೋದಲ್ಲೆಲ್ಲ ಜನ ನೆರೆದಿದ್ದರು. ಇದೇ ಕೊನೆ ಎಂಬುದು ಅವರಿಗೆ ಗೊತ್ತಿತ್ತು. ಈ ವಿಮಾನಗಳ ಆಕರ್ಷಣೆಯಲ್ಲಿ ಆ ಅರಿವೂ ಸೇರಿದೆ: ಇಂದು ಹಾರಿದ್ದು ಮುಂದಿನ ವರ್ಷ ಹಾರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಇದಕ್ಕೆ ತೆರುವ ಬೆಲೆಯನ್ನು ಮರೆಮಾಚಿ ಉತ್ತರಿಸಿದರೆ ತಪ್ಪಾಗುತ್ತದೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹಳೆಯ ಬಿ-17 ಬಾಂಬರ್ ಒಂದು ಪ್ರಯಾಣಿಕರನ್ನು ಹೊತ್ತು ಹೋಗಿ ಅಪಘಾತಕ್ಕೀಡಾಗಿ ಏಳು ಜನ ತೀರಿಕೊಂಡರು. 2022ರ ನವೆಂಬರಿನಲ್ಲಿ ಡಲ್ಲಾಸಿನ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಡಿಕ್ಕಿಯಾಗಿ ಆರು ಜನ ಸತ್ತರು. 2015ರಲ್ಲಿ ಇಂಗ್ಲೆಂಡಿನ ಶೋರಮ್‌ನಲ್ಲಿ ಹಂಟರ್ ಜೆಟ್ ಬಿದ್ದಾಗ ಸತ್ತ ಹನ್ನೊಂದು ಜನ ವಿಮಾನದಲ್ಲಿದ್ದವರಲ್ಲ, ನೆಲದ ಮೇಲಿದ್ದವರು. ಹಾರಿಸಲೇಬಾರದು ಎನ್ನುವವರ ಮಾತನ್ನು ನಾನು ಇದರಿಂದಾಗಿ ಹಗುರವಾಗಿ ಕಾಣುವುದಿಲ್ಲ. ಹಳೆಯ ವಿಮಾನಗಳನ್ನು ಕಸರತ್ತಿಗೆ ಹಚ್ಚದೆ, ಜನವಸತಿಯ ಮೇಲೆ ಕೊಂಡೊಯ್ಯದೆ, ನೇರವಾಗಿ ನಿಧಾನವಾಗಿ ಹಾರಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಹಾರಿಸಿದರೆ ನೋಡುವ ಸುಖವೇನೂ ಕಡಿಮೆಯಾಗುವುದಿಲ್ಲ. ಡಕೋಟ, ಲಿಬರೇಟರ್‌ನಂಥವು ಹುಟ್ಟಿದ್ದೇ ಹಾಗೆ ಸಾಗಲು.

ಇನ್ನೊಂದು ಆಕ್ಷೇಪ, ಇವು ಕೊಲ್ಲಲು ಮಾಡಿದ ಯಂತ್ರಗಳಲ್ಲವೇ ಎಂಬುದು. ಹೌದು. ಲಿಬರೇಟರಿನ ಆ ಕಿರುದಾರಿಯಲ್ಲಿ ನಿಂತು ಕೆಳಗೆ ನೋಡಿದಾಗ, ಆ ಶಟರ್ ಸರಿದಾಗಲೆಲ್ಲ ಕೆಳಗೆ ಯಾರದೋ ಊರಿತ್ತು ಎಂಬುದು ನನ್ನನ್ನೂ ಕಾಡಿತು. ಬಹುಶಃ ಅದಕ್ಕೇ ನನಗೆ ಡಕೋಟದ ಮೇಲೆ ಹೆಚ್ಚು ಪ್ರೀತಿ. ಅದು ಹೊತ್ತದ್ದು ಬಹುತೇಕ ಜನರನ್ನು ಮತ್ತು ಸಾಮಾನನ್ನು. 1947ರ ಅಕ್ಟೋಬರ್ 27ರಂದು ಒಂದನೆಯ ಸಿಖ್ ಪಡೆಯ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದದ್ದು ಡಕೋಟ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ತಂಗೈಲಿನಲ್ಲಿ ಪ್ಯಾರಾಶೂಟ್ ಪಡೆಯನ್ನು ಇಳಿಸಿದ ವಿಮಾನಗಳಲ್ಲೂ ಡಕೋಟಗಳಿದ್ದವು. ನಾವು ಯಲಹಂಕದಲ್ಲಿ ನೋಡಿದ ವಿಮಾನದ ಹೆಸರು ಪರಶುರಾಮ, ಅದರ ಮೇಲಿರುವ ವಿಪಿ 905 ಎಂಬ ಸಂಖ್ಯೆ ಶ್ರೀನಗರಕ್ಕೆ ಹೋದ ಆ ವಿಮಾನದ ಗೌರವಾರ್ಥ ಬರೆದದ್ದು. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರು ಅದನ್ನು ವಾಯುಪಡೆಗೆ ಉಡುಗೊರೆಯಾಗಿ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟ ಹಾರಿಸಿದವರು. ಇಂಗ್ಲೆಂಡಿನಲ್ಲಿ ದುರಸ್ತಿಯಾದ ಆ ವಿಮಾನವನ್ನು ಹಡಗಿನಲ್ಲಿ ತರಲಿಲ್ಲ. 2018ರ ಏಪ್ರಿಲಿನಲ್ಲಿ ಕೊವೆಂಟ್ರಿಯಿಂದ ಹೊರಟು, ಒಂಬತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಅಲ್ಲಲ್ಲಿ ಇಳಿಯುತ್ತಾ ಕ್ರಮಿಸಿ, ಅದು ತಾನೇ ಹಾರಿ ಬಂತು. ಆ ಮೇ ತಿಂಗಳಲ್ಲಿ ದೆಹಲಿ ಬಳಿಯ ಹಿಂಡನ್ ವಾಯುನೆಲೆಯಲ್ಲಿ ವಾಯುಪಡೆಗೆ ಸೇರಿತು.

ಗಣರಾಜ್ಯೋತ್ಸವದ ಕೆಲವು ಪಥಸಂಚಲನಗಳಲ್ಲಿ ಪರಶುರಾಮ ಎರಡು ಡಾರ್ನಿಯರ್ ವಿಮಾನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ತಂಗೈಲಿನ ನೆನಪಿಗಾಗಿ ಹಾರಿದೆ. ನೀವು ಅದನ್ನು ಎಲ್ಲಾದರೂ ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ, ಹಾರುವ ಹೊತ್ತಿಗಲ್ಲ, ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿಗೆ ಅಲ್ಲಿರಿ. ಮೊದಲು ಪ್ರೊಪೆಲ್ಲರ್ ಒಲ್ಲದ ಮನಸ್ಸಿನಿಂದ ತಿರುಗುತ್ತದೆ. ಒಂದು ಸಿಲಿಂಡರ್ ಹೊತ್ತಿಕೊಂಡು ಕೆಮ್ಮುತ್ತದೆ, ಇನ್ನೊಂದು ಸೇರಿಕೊಳ್ಳುತ್ತದೆ, ನೀಲಿ ಹೊಗೆಯ ಉಂಡೆಯೊಂದು ರೆಕ್ಕೆಯ ಮೇಲೆ ಉರುಳಿಹೋಗುತ್ತದೆ, ಆಮೇಲೆ ಹದಿನಾಲ್ಕೂ ಒಟ್ಟಾಗಿ ಒಂದೇ ಶ್ರುತಿಗೆ ಬರುತ್ತವೆ. ಅಲ್ಲಿಯವರೆಗೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಎಂಜಿನ್ನಿನ ಪಕ್ಕದಲ್ಲಿ ಕಣ್ಣು ಕೀಲಿಸದೆ ಬಿಡದೆ ನೋಡುತ್ತಾ ನಿಂತಿರುವ ಸಿಬ್ಬಂದಿಯೊಬ್ಬರು ಕಾಣುತ್ತಾರೆ. ವಿಮಾನದಷ್ಟೇ ಅವರನ್ನೂ ನೋಡಿ.